ಹಿಪ್ ಹಾಪ್ ವಿನೈಲ್ ಕ್ಲಬ್‌ಗೆ ಚಂದಾ ಕಟ್ಟಬಹುದೇ? ಅಭಿಮಾನಿಗಳ ಜಗಳದಲ್ಲಿ ಯಾರ ಮಾತು ನಂಬುವುದು?

ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಒಳಗೆ ಮೂರಿವೆ. ತಿಂಗಳಿಗೊಂದು ವಿನೈಲ್ ರೆಕಾರ್ಡ್ (ಗ್ರಾಮಫೋನ್ ತರದ ತಟ್ಟೆ) ಕಳಿಸುವ ಕ್ಲಬ್‌ಗೆ ಸೇರಬೇಕೋ ಬೇಡವೋ ಎಂಬುದು ಒಂದು. ಆ ತಿಂಗಳ ಆಲ್ಬಂ ಯಾವುದೆಂದು ಪ್ರಕಟವಾದ ಕೂಡಲೇ ಹಿಪ್ ಹಾಪ್ ಮಂದಿ ಯಾಕೆ ಹೀಗೆ ಕಿತ್ತಾಡುತ್ತಾರೆ ಎಂಬುದು ಎರಡನೆಯದು. 'ಪೂರ್ತಿ ಅನಲಾಗ್', '180 ಗ್ರಾಂ' ಎಂದು ಸ್ಟಿಕರ್ ಮೇಲೆ ಬರೆಯುತ್ತಾರಲ್ಲ, ಅದು ಕಿವಿಗೆ ನಿಜವಾಗಿ ತಿಳಿಯುತ್ತದೆಯೇ ಎಂಬುದು ಮೂರನೆಯದು. ಮೂರನೆಯದರಿಂದ ಶುರು ಮಾಡುತ್ತೇನೆ, ಅದು ಬಗೆಹರಿದರೆ ಉಳಿದ ಎರಡು ಅರ್ಧ ಮುಗಿದ ಹಾಗೆ.

ಇಂಥ ಒಂದು ಕ್ಲಬ್‌ನಲ್ಲಿ ಎರಡು ವರ್ಷ ಚಂದಾದಾರನಾಗಿದ್ದೆ. ಜಗಳದಲ್ಲಿ ನಾನೂ ಜೋರಾಗಿಯೇ ಇದ್ದವನು, ಹಾಗಾಗಿ ನಾನೊಬ್ಬ ತಟಸ್ಥ ಸಾಕ್ಷಿ ಎಂದು ತಿಳಿಯಬೇಡಿ.

180 ಗ್ರಾಂ ಎಂಬುದು ಬರೀ ತೂಕ. ಗೆರೆಯಲ್ಲಿ ಕೊರೆದಿರುವ ಸಂಗೀತಕ್ಕೂ ತಟ್ಟೆಯ ದಪ್ಪಕ್ಕೂ ಸಂಬಂಧವಿಲ್ಲ. ಕೈಗೆತ್ತಿಕೊಂಡಾಗ ಗಟ್ಟಿ ಎನಿಸುತ್ತದೆ, ಅಷ್ಟೇ. ಚೆನ್ನಾಗಿ ಅಚ್ಚಾದ 140 ಗ್ರಾಂ ತಟ್ಟೆಯ ಮುಂದೆ ಅಡ್ಡಾದಿಡ್ಡಿ ಮಾಸ್ಟರಿಂಗ್‌ನ (ಅಚ್ಚಿಗೆ ಮುನ್ನ ಸದ್ದನ್ನು ಹದ ಮಾಡುವ ಕೆಲಸದ) 180 ಗ್ರಾಂ ತಟ್ಟೆ ನಿಲ್ಲುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಕಥೆ. ಇದಕ್ಕಿಂತ ಹೆಚ್ಚು ಹೊತ್ತಿಗೆ ಈ ವಿಷಯ ಯೋಗ್ಯವಲ್ಲ.

ಅನಲಾಗ್ ವಿಷಯ ಮಾತ್ರ ಸ್ವಾರಸ್ಯವಾಗಿದೆ. ಮೂಲ ಟೇಪಿನಿಂದ ನೇರವಾಗಿ, ನಡುವೆ ಕಂಪ್ಯೂಟರ್ ಇಲ್ಲದೆ ಕೊರೆದ ರೆಕಾರ್ಡಿಗೆ ದೊಡ್ಡ ಮಾನ. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ವರ್ಷಗಳಿಂದ ಹಲವು ರೆಕಾರ್ಡ್‌ಗಳ ತಯಾರಿಯಲ್ಲಿ ಡಿಜಿಟಲ್ ಹಂತವೊಂದನ್ನು ಬಳಸುತ್ತಿತ್ತು ಎಂದು ಹೊರಬಿದ್ದಾಗ ದೊಡ್ಡ ರಾದ್ಧಾಂತವೇ ಆಯಿತು, ಮೊಕದ್ದಮೆಯೂ ಆಯಿತು. ಆಮೇಲಿಂದ ಕ್ಲಬ್‌ಗಳು ಯಾವ ಆಲ್ಬಂ ತಂದರೂ ಮೊದಲ ಪ್ರಶ್ನೆ ಇದೇ: ಇದು ಪೂರ್ತಿ ಅನಲಾಗಾ? ಜಾಝ್ ರೆಕಾರ್ಡ್‌ಗೆ ಈ ಪ್ರಶ್ನೆ ಸರಿ. 90ರ ದಶಕದ ಹಿಪ್ ಹಾಪ್‌ಗೆ ಕೇಳಿದರೆ ನನಗೆ ನಗು ಬರುತ್ತದೆ.

ಯಾಕೆಂದರೆ ಆ ಸಂಗೀತದ ಎದೆಬಡಿತವೇ ಡಿಜಿಟಲ್ ಪೆಟ್ಟಿಗೆಯೊಂದರಿಂದ ಬಂದದ್ದು. 1987ರಲ್ಲಿ ಬಂದ ಈಮ್ಯು ಎಸ್‌ಪಿ-1200 ಎಂಬ ಸ್ಯಾಂಪ್ಲರ್ ನೋಡಿ, ಬೇರೆ ರೆಕಾರ್ಡಿನ ತುಣುಕು (ಸ್ಯಾಂಪಲ್) ಹಿಡಿದಿಟ್ಟು ಮತ್ತೆ ನುಡಿಸುವ ಪೆಟ್ಟಿಗೆ. 12 ಬಿಟ್, ಸೆಕೆಂಡಿಗೆ ಸದ್ದಿನ ಸುಮಾರು 26 ಸಾವಿರ ಅಳತೆ, ಒಟ್ಟು ಜಾಗ ಹತ್ತೇ ಸೆಕೆಂಡು. ನಾವು ಬೈಯುವ ಸಿ.ಡಿ. ಕೂಡ 16 ಬಿಟ್, 44,100 ಅಳತೆ! ಹತ್ತು ಸೆಕೆಂಡಿನಲ್ಲಿ ಡ್ರಮ್ಮು, ಬೇಸು, ಕೊಂಬಿನ ತುಣುಕು ಎಲ್ಲ ಹಿಡಿಸಬೇಕಲ್ಲ, ಅದಕ್ಕೆ ಬೀಟ್ ಕಟ್ಟುವವರು ಒಂದು ಉಪಾಯ ಕಂಡುಕೊಂಡರು. ನಿಮಿಷಕ್ಕೆ 33 ಸುತ್ತಿನ ವೇಗದ ಎಲ್‌ಪಿಯನ್ನು 45ರ ವೇಗದಲ್ಲಿ ಓಡಿಸಿ ಒಳಗೆ ತುಂಬಿಸಿಕೊಳ್ಳುವುದು, ಆಮೇಲೆ ಪೆಟ್ಟಿಗೆಯೊಳಗೆ ಸ್ಥಾಯಿ ಇಳಿಸಿ ಮೊದಲಿನ ವೇಗಕ್ಕೆ ತರುವುದು. ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ. ಹಾಗೆ ಇಳಿಸಿದಾಗ ಅಂಚುಗಳು ಒರಟಾಗಿ, ಡ್ರಮ್ಮಿಗೆ ಒಂಥರಾ ಮರಳು ಮೆತ್ತಿದ ಸದ್ದು ಬರುತ್ತಿತ್ತು. ಬೀಟ್ ಕಟ್ಟುವ ಪೀಟ್ ರಾಕ್‌ನ ಬೀಟ್‌ಗಳಲ್ಲಿ ನಾವು 'ಬೆಚ್ಚಗಿದೆ, ವಿನೈಲ್ ತರ ಇದೆ' ಎಂದು ಮೆಚ್ಚುವ ಗುಣ ಬಹುಪಾಲು ಈ ಪೆಟ್ಟಿಗೆಯ ಬಡತನದ್ದು. ಸಾಲದ್ದಕ್ಕೆ ಆ ಕಾಲದ ಎಷ್ಟೋ ಆಲ್ಬಂಗಳ ಅಂತಿಮ ಮಿಕ್ಸ್ ಹೋಗಿ ಕೂತದ್ದು ಡ್ಯಾಟ್ ಎಂಬ ಡಿಜಿಟಲ್ ಟೇಪಿನ ಮೇಲೆ. 'ಮೂಲ ಟೇಪಿನಿಂದ ಕೊರೆದದ್ದು' ಎಂದು ಸ್ಟಿಕರ್ ಅಂಟಿಸಿದರೆ ಅದು ಸುಳ್ಳಲ್ಲ. ಅಳಿಯ ಅಲ್ಲ, ಮಗಳ ಗಂಡ.

ಹಾಗಂತ ಮೂಲ ಯಾವುದಾದರೂ ನಡೆಯುತ್ತದೆ ಎನ್ನುತ್ತಿಲ್ಲ. ಡ್ಯಾಟ್ ಆಗಲಿ ಟೇಪ್ ಆಗಲಿ, ಮೊದಲ ಮಿಕ್ಸ್‌ಗೆ ಹೋಗಿ ವಿನೈಲ್‌ಗೆಂದೇ ಮಾಸ್ಟರ್ ಮಾಡಿದ್ದಾರೋ, ಇಲ್ಲ ಸಿ.ಡಿ.ಗೆಂದು ಉಸಿರುಗಟ್ಟುವಷ್ಟು ಜೋರು ಮಾಡಿದ ಫೈಲನ್ನೇ ತಂದು ಕೊರೆದಿದ್ದಾರೋ, ಅದು ತಿಳಿದುಕೊಳ್ಳಬೇಕಾದ ಸಂಗತಿ.

ಅದಕ್ಕಿಂತಲೂ ಮೊದಲು ನಾನು ನೋಡುವುದು ಒಂದು ಬದಿಗೆ ಎಷ್ಟು ನಿಮಿಷ ಎಂದು. ಹನ್ನೆರಡು ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷ ಆರಾಮಾಗಿ ಹಿಡಿಸುತ್ತದೆ. ಬೇಸ್ ಹೆಚ್ಚಿದ್ದಷ್ಟೂ ಗೆರೆ ಅಗಲವಾಗಿ ಅಲೆಯಬೇಕು, ಜಾಗ ಜಾಸ್ತಿ ಬೇಕು. ನಿಮಿಷ ತುರುಕಿದರೆ ಕೊರೆಯುವವನು ಸದ್ದು ತಗ್ಗಿಸಲೇಬೇಕು, ಬೇಸ್ ಕತ್ತರಿಸಲೇಬೇಕು. ಬೇಸ್ ಇಲ್ಲದ ಹಿಪ್ ಹಾಪ್ ಯಾರಿಗೆ ಬೇಕು? ಸಿ.ಡಿ. ಕಾಲದ ಆಲ್ಬಂಗಳ ತೊಂದರೆ ಇದೇ. ಎಪ್ಪತ್ತು ಚಿಲ್ಲರೆ ನಿಮಿಷ ಜಾಗ ಇದೆ ಎಂದು ಎಲ್ಲರೂ ಪೂರ್ತಿ ತುಂಬಿಸಿದರು. ಔಟ್‌ಕಾಸ್ಟ್‌ನ 'ಅಕ್ವೆಮಿನೈ' (1998) ಸುಮಾರು 75 ನಿಮಿಷ. ಎರಡು ತಟ್ಟೆಗೆ ಹಾಕಿದರೆ ಬದಿಗೆ ಹತ್ತೊಂಬತ್ತು ನಿಮಿಷದ ಆಸುಪಾಸು, ಮೂರಕ್ಕೆ ಹಾಕಿದರೆ ಹನ್ನೆರಡೂವರೆ. ಮೂರರದ್ದು ಜೋರಾಗಿ, ಮೈತುಂಬಿಕೊಂಡು ಕೇಳುತ್ತದೆ, ಆದರೆ ಎರಡು ಹಾಡಿಗೊಮ್ಮೆ, ಮೂರು ಹಾಡಿಗೊಮ್ಮೆ ಎದ್ದು ಹೋಗಿ ತಿರುವಿ ಹಾಕುವ ಶ್ರಮ. ಇದರ ಮೇಲೆ ನಡೆಯುವ ಜಗಳ ನನ್ನ ಮಟ್ಟಿಗೆ ಅಸಲಿ ಜಗಳ, ಎರಡೂ ಕಡೆಯವರಿಗೆ ಕಾರಣವಿದೆ.

ಆದರೆ ಒಂದೇ ತಟ್ಟೆಗೆ ಸಲೀಸಾಗಿ ಹಿಡಿಸುವುದನ್ನು 45ರ ವೇಗ ಎಂದು ಎರಡಕ್ಕೆ ಹರಡುವುದನ್ನು ನಾನು ಒಪ್ಪುವುದಿಲ್ಲ. ನ್ಯಾಸ್‌ನ 'ಇಲ್‌ಮ್ಯಾಟಿಕ್' (1994) ಹತ್ತು ಟ್ರ್ಯಾಕ್, ಸುಮಾರು ನಲವತ್ತು ನಿಮಿಷ. ಅದರ ಎರಡು ಬದಿಗೆ ಎ, ಬಿ ಎಂದಷ್ಟೇ ಹೆಸರಿಲ್ಲ. ಒಂದು '40ತ್ ಸೈಡ್ ನಾರ್ತ್', ಇನ್ನೊಂದು '41ಸ್ಟ್ ಸೈಡ್ ಸೌತ್', ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್‌ನ ಅವನ ಬೀದಿಗಳ ನೆನಪು. ವು-ಟ್ಯಾಂಗ್ ಕ್ಲ್ಯಾನ್ ತಂಡದ ಮೊದಲ ಆಲ್ಬಂ (1993) ಹಾಗೇ, ಒಂದು ಬದಿ 'ಶಾವೊಲಿನ್ ಸ್ವೋರ್ಡ್', ಇನ್ನೊಂದು 'ವು-ಟ್ಯಾಂಗ್ ಸ್ವೋರ್ಡ್'. ತಟ್ಟೆ ತಿರುವುವುದೇ ಒಂದು ಬೀದಿಯಿಂದ ಇನ್ನೊಂದಕ್ಕೆ ಹೊರಳಿದ ಹಾಗೆ ಎಂದು ಯೋಚಿಸಿ ಕಟ್ಟಿದ್ದನ್ನು ನಾಲ್ಕು ತುಂಡು ಮಾಡಿದರೆ ಎರಡು ಬೀದಿಯ ಲೆಕ್ಕವೇ ತಪ್ಪುತ್ತದೆ.

ಇನ್ನೊಂದು ಪರೀಕ್ಷೆ ಹೇಳಿಕೊಡುತ್ತೇನೆ, ಇದಕ್ಕೆ ದುಬಾರಿ ಸಲಕರಣೆ ಬೇಡ. ಪ್ರತಿ ಬದಿಯ ಕೊನೆಯ ಹಾಡಿನಲ್ಲಿ 'ಸ' ಅಕ್ಷರಕ್ಕೆ ಕಿವಿ ಕೊಡಿ. ತಟ್ಟೆಯ ನಡುವಿನ ಹತ್ತಿರ ಬಂದಂತೆ ಒಂದು ಸುತ್ತಿನ ಉದ್ದ ಕಡಿಮೆಯಾಗುತ್ತದೆ, ಅಷ್ಟೇ ಸಂಗೀತ ಕಿರಿದಾದ ಜಾಗದಲ್ಲಿ ಮುದುಡಿಕೊಳ್ಳಬೇಕು. ಹಾಡುಗಾರ ಸ್ವರವನ್ನು ಎಳೆಯುತ್ತಾನೆ, ರ‍್ಯಾಪರ್ ವ್ಯಂಜನದ ಮೇಲೆ ವ್ಯಂಜನ ಉದುರಿಸುತ್ತಾನೆ. ಮಾಸ್ಟರಿಂಗ್ ಕೆಟ್ಟಿದ್ದರೆ ಪ್ರತಿ 'ಸ'ವೂ ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಚುರ್ ಎನ್ನುತ್ತದೆ. ನನ್ನ ಪ್ಲೇಯರ್‌ನ ಮುಳ್ಳಿನದೇ ತಪ್ಪು ಎಂದು ಎಷ್ಟೋ ದಿನ ಮುಳ್ಳು ಬದಲಿಸುತ್ತಾ ಕೂತಿದ್ದೆ. ಹಳೆಯ ಮುದ್ರಣವೊಂದನ್ನು ಪಕ್ಕದಲ್ಲಿಟ್ಟು ಅದೇ ಹಾಡು ಕೇಳಿದಾಗ ಅದರಲ್ಲಿ ಚುರ್ ಇಲ್ಲ. ಆಮೇಲಿಂದ ರೆಕಾರ್ಡ್ ಬಂದ ಕೂಡಲೇ ಲೇಬಲ್ ಸುತ್ತಲಿನ ಖಾಲಿ ಜಾಗಕ್ಕೆ ಟಾರ್ಚ್ ಹಿಡಿದು, ಓರೆ ಮಾಡಿ ನೋಡುತ್ತೇನೆ. ಕೊರೆದವರು ಅಲ್ಲಿ ತಮ್ಮ ಹೆಸರನ್ನೋ ಅಕ್ಷರವನ್ನೋ ಗೀಚಿರುತ್ತಾರೆ. ಒಳ್ಳೆಯ ಹೆಸರು ಕಂಡರೆ ಸಮಾಧಾನ. ಏನೂ ಇಲ್ಲದಿದ್ದರೆ ಕಿವಿಯನ್ನೇ ನಂಬಬೇಕು.

ಈಗ ಕಿತ್ತಾಟ ಯಾಕೆ ಎಂಬುದಕ್ಕೆ ಬರುತ್ತೇನೆ. ಕ್ಲಬ್ ಎಂಬುದು ಹೊಸ ಐಡಿಯಾ ಅಲ್ಲ. ಕೊಲಂಬಿಯಾ ಕಂಪನಿ 1955ರಲ್ಲೇ ಅಂಚೆಯಲ್ಲಿ ರೆಕಾರ್ಡ್ ಕಳಿಸುವ ಕ್ಲಬ್ ಶುರು ಮಾಡಿತ್ತು. ಆಗ ಕ್ಲಬ್ ಮುದ್ರಣ ಎಂದರೆ ಸಂಗ್ರಾಹಕರು ಮೂಗು ಮುರಿಯುತ್ತಿದ್ದರು. ಈಗ ಅದೇ ಮಾತು ಗೌರವದ ಮಾತಾಗಿದೆ. 2013ರಲ್ಲಿ ಶುರುವಾದ 'ವಿನೈಲ್ ಮಿ, ಪ್ಲೀಸ್' ತರದ ಕ್ಲಬ್‌ಗಳು ವಿಶೇಷ ಬಣ್ಣ, ದಪ್ಪ ಕವರ್, ಪುಸ್ತಿಕೆ, ಸೀಮಿತ ಸಂಖ್ಯೆ ಎಂದು ಚಂದಾದಾರರಿಗಷ್ಟೇ ಸಿಗುವ ಮುದ್ರಣ ತಂದವು. ಇಲ್ಲೇ ಹೊಟ್ಟೆಯುರಿ ಶುರು. ಸಿಕ್ಕವರು ಬೀಗುತ್ತಾರೆ, ಸಿಗದವರು ಬೈಯುತ್ತಾರೆ, ಮೂರನೆಯವರು ಪ್ಲಾಸ್ಟಿಕ್ ಸುತ್ತು ಬಿಚ್ಚದೆ ರೆಕಾರ್ಡ್ ಮಾರಾಟದ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ದುಪ್ಪಟ್ಟಿಗೆ ಮಾರುತ್ತಾರೆ.

ಈ ಬೀಗುವಿಕೆ ಹಿಪ್ ಹಾಪ್‌ನ ಹುಟ್ಟುಗುಣ ಎಂದು ನನ್ನ ಅನಿಸಿಕೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ 1520 ಸೆಜ್ವಿಕ್ ಅವೆನ್ಯೂ ಕಟ್ಟಡದ ಪಾರ್ಟಿಯಲ್ಲಿ ರೆಕಾರ್ಡ್ ಹಾಕಿದ ಡಿಜೆ ಕೂಲ್ ಹರ್ಕ್, ತಾನು ಬಳಸುವ ರೆಕಾರ್ಡ್ ಯಾವುದೆಂದು ಎದುರಾಳಿಗಳಿಗೆ ತಿಳಿಯದಿರಲೆಂದು ಲೇಬಲ್ ನೆನೆಸಿ ಕಿತ್ತುಹಾಕುತ್ತಿದ್ದ. ನಿನ್ನಲ್ಲಿಲ್ಲದ್ದು ನನ್ನಲ್ಲಿದೆ ಎಂಬ ಗತ್ತು ಆಗಲೂ ಇತ್ತು. ಅದಕ್ಕೆ ಎದುರಾದ ಗುಣವೂ ಬೇಗನೇ ಬಂತು. 1986ರಿಂದ 1991ರವರೆಗೆ 'ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್' ಎಂದು 25 ಸಂಪುಟ ಹೊರಬಂದವು. ಡಿಜೆಗಳು ಬಚ್ಚಿಟ್ಟುಕೊಂಡಿದ್ದ ಬ್ರೇಕ್‌ಗಳೆಲ್ಲ (ಹಾಡಿನ ನಡುವೆ ಡ್ರಮ್ಮು ಮುಂದೆ ಬರುವ ತುಣುಕುಗಳು) ಯಾರು ಬೇಕಾದರೂ ಕೊಂಡು ಬಳಸುವಂತಾಯಿತು. ಬಚ್ಚಿಡುವವರ ಮತ್ತು ಹಂಚುವವರ ಆ ಹಳೆಯ ಜಗಳವೇ ಈಗ 'ಸೀಮಿತ ಮುದ್ರಣ ಬೇಕೇ, ಮರುಮುದ್ರಣ ಬೇಕೇ' ಎಂದು ವೇಷ ಬದಲಿಸಿದೆ. ನಾನು ಹಂಚುವವರ ಪಕ್ಷ. ಆದರೂ ನನ್ನ ಕಪಾಟಿನಲ್ಲಿ ಬಿಚ್ಚದ ಒಂದು ತಟ್ಟೆ ಇದೆ, ಅದರ ಬಗ್ಗೆ ಕೇಳಬೇಡಿ.

ಆಯ್ಕೆಯ ಮೇಲಿನ ಸಿಟ್ಟಿಗೆ ಮಾತ್ರ ನನ್ನ ಪೂರ್ಣ ಬೆಂಬಲ. ಎಲ್ಲೆಡೆ ಸುಲಭವಾಗಿ ಸಿಗುವ ಹತ್ತಿಪ್ಪತ್ತು ಆಲ್ಬಂಗಳಿಗೇ ಬಣ್ಣ ಬದಲಿಸಿ ಮತ್ತೆ ಮತ್ತೆ ಅಚ್ಚು ಹಾಕುವುದಕ್ಕೆ ಕ್ಲಬ್ ಯಾಕೆ ಬೇಕು? ವಿನೈಲ್‌ನ ಬೆಲೆ ಇಳಿದಿದ್ದ 90ರ ದಶಕದ ಕೊನೆಯಲ್ಲಿ ಸಿ.ಡಿ.ಯಾಗಿಯೇ ಬಂದು ಹೋದ ದಕ್ಷಿಣ ಅಮೆರಿಕ ಅಲ್ಲ, ಅಮೆರಿಕದ ದಕ್ಷಿಣ ರಾಜ್ಯಗಳ ಆಲ್ಬಂಗಳಿವೆ, ಕ್ಯಾಸೆಟ್‌ನಲ್ಲಿ ಕೈಯಿಂದ ಕೈಗೆ ದಾಟಿದ ಮೆಂಫಿಸ್ ನಗರದ ಸಂಗೀತವಿದೆ, ಎಂಸಿ ಲೈಟ್ 1988ರಲ್ಲೇ ಪೂರ್ಣ ಆಲ್ಬಂ ತಂದರೂ ಹೆಂಗಸರ ರ‍್ಯಾಪ್ ವರ್ಷಕ್ಕೊಮ್ಮೆ ತೋರಿಕೆಗೆ ಬರುತ್ತದೆ. ಕ್ಲಬ್‌ನವರ ಪರವಾಗಿ ಒಂದೇ ಮಾತು: ಸ್ಯಾಂಪಲ್ ಹಕ್ಕು. ಬೇರೆಯವರ ಹಾಡಿನ ತುಣುಕು ಬಳಸಿದ್ದಕ್ಕೆ ರ‍್ಯಾಪರ್ ಬಿಜ್ ಮಾರ್ಕಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ನ್ಯಾಯಾಧೀಶರು 'ಕದಿಯಬೇಡ' ಎಂಬ ಬೈಬಲ್ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ಅಲ್ಲಿಂದ ಪ್ರತಿ ತುಣುಕಿಗೂ ಅನುಮತಿ ಬೇಕು. ಡೆ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಟ್ರೀಮಿಂಗ್‌ಗೆ ಬರಲು 2023ರ ಮಾರ್ಚ್ ತನಕ ಕಾಯಬೇಕಾಯಿತು. ಹಾಗಾಗಿ 'ಆ ಆಲ್ಬಂ ಯಾಕೆ ತರಲ್ಲ' ಎಂದು ಬೈಯುವ ಮುನ್ನ ಅದರಲ್ಲಿ ಎಷ್ಟು ಜನರ ಸಂಗೀತ ಸೇರಿದೆ ಎಂದು ನೋಡಿ. ಕೆಲವೊಮ್ಮೆ ಮರುಮುದ್ರಣದಲ್ಲಿ ಒಂದು ಸ್ಯಾಂಪಲ್ ಮಾಯವಾಗಿರುತ್ತದೆ, ಒಂದು ಹಾಡೇ ಬಿಟ್ಟುಹೋಗಿರುತ್ತದೆ. ಹಣ ಕಟ್ಟುವ ಮೊದಲು ಟ್ರ್ಯಾಕ್ ಪಟ್ಟಿಯನ್ನು ಮೂಲದ ಜೊತೆ ಸಾಲು ಸಾಲಾಗಿ ತಾಳೆ ನೋಡುವುದು ಅದಕ್ಕೇ.

ಸೇರಬೇಕೇ ಎಂದರೆ, ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ. ಬೇಡವಾದ ತಿಂಗಳು ಬಿಡಲು, ಬೇರೆ ಆಲ್ಬಂಗೆ ಬದಲಿಸಿಕೊಳ್ಳಲು ಅವಕಾಶವಿದ್ದರೆ ಮೂರು ತಿಂಗಳು ಸೇರಿ ನೋಡಿ. ನಾನು ಬಿಟ್ಟ ಕಾರಣ ಆಯ್ಕೆಯಲ್ಲ, ಒಂದು ತೂತು. ಬಹಳ ಕಾದಿದ್ದ ಆಲ್ಬಂ ಬಂತು, ನೀಲಿ ಬಣ್ಣ, ಕವರ್ ಹೊಳೆಯುತ್ತಿತ್ತು. ಮುಳ್ಳು ಇಳಿಸಿದರೆ ಪಿಯಾನೊ ತೂಕಡಿಸುತ್ತಿದೆ, ಒಂದೊಂದು ಸುತ್ತಿಗೂ ಶ್ರುತಿ ಏರುತ್ತೆ, ಇಳಿಯುತ್ತೆ. ಬಗ್ಗಿ ನೋಡಿದರೆ ಮುಳ್ಳು ಹಿಡಿದ ತೋಳು, ಟೋನ್‌ಆರ್ಮ್, ತೊಟ್ಟಿಲು ತೂಗಿದ ಹಾಗೆ ಆಚೀಚೆ ಹೋಗುತ್ತಿದೆ. ನಡುವಿನ ತೂತು ನಡುವಿಗಿರಲಿಲ್ಲ. ಕ್ಲಬ್‌ಗೆ ಬರೆದೆ. ವಿಡಿಯೊ ಕಳಿಸಿ ಎಂದರು, ಕಳಿಸಿದೆ. ಆ ಮುದ್ರಣ ಮುಗಿದಿದೆ, ಬದಲಿ ಇಲ್ಲ, ಮುಂದಿನ ಖರೀದಿಯಲ್ಲಿ ಒಂದಿಷ್ಟು ಕಡಿತ ಕೊಡುತ್ತೇವೆ ಎಂದರು. ಸೀಮಿತ ಮುದ್ರಣದ ಮಜಾ ಅಂದರೆ ಇದು.

ಹಾಗಾಗಿ ಸೇರಿದರೆ ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ಎಲ್ಲ ಬದಿಗಳನ್ನೂ ಕೊನೆಯ ತನಕ ಕೇಳಿ, ಟೋನ್‌ಆರ್ಮ್ ಮೇಲೆ ಒಂದು ಕಣ್ಣಿಡಿ. ದೋಷ ಕಂಡರೆ ಅವತ್ತೇ ಬರೆಯಿರಿ, ಬದಲಿ ಪ್ರತಿಗಳು ಮೊದಲು ಕೇಳಿದವರಿಗೇ ಹೋಗುತ್ತವೆ.