ಕುರಿಯ ಹೊಟ್ಟೆಯ ಹುಳು ಮತ್ತು ಅದರ ಕಿಣ್ವ

ಪ್ರಶ್ನೆ: ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ರೊಪ್ಪದ ಎರಡು ಕುರಿಗಳು ಗದ್ದದ ಕೆಳಗೆ ನೀರು ತುಂಬಿಕೊಂಡು ಸತ್ತವು. ಪಶುವೈದ್ಯರು ಹೊಟ್ಟೆ ಕೊಯ್ದು ಕೆಂಪು-ಬಿಳಿ ದಾರದಂಥ ಹುಳುಗಳನ್ನು ತೋರಿಸಿ, ಇವು ಕಿಣ್ವಗಳಿಂದ ರಕ್ತವನ್ನು ಅರಗಿಸಿಕೊಳ್ಳುತ್ತವೆ ಎಂದರು. ಮೇವನ್ನು ಅರಗಿಸುವ ಹೊಟ್ಟೆ ಈ ಹುಳುವನ್ನೇಕೆ ಅರಗಿಸುವುದಿಲ್ಲ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ವಿವರಣೆಗೆ ಹೊಂದುವುದು ಹೀಮಾಂಕಸ್ ಎಂಬ ಹುಳು. ಎರಡು-ಮೂರು ಸೆಂಟಿಮೀಟರ್ ಉದ್ದದ ಹೆಣ್ಣು ಹುಳುವಿನಲ್ಲಿ ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಅದು ಎರಡೆಳೆಯ ಹುರಿಯಂತೆ ಕಾಣುತ್ತದೆ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸುವ ಒಂದೊಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆ. ಸಾವಿರ ಹುಳುಗಳಿದ್ದರೆ 50 ಮಿಲಿಲೀಟರ್. ರಕ್ತದ ಪ್ರೋಟೀನ್ ಕಡಿಮೆಯಾದಾಗ ನೀರು ರಕ್ತನಾಳದಲ್ಲಿ ನಿಲ್ಲದೆ ಗದ್ದದ ಕೆಳಗೆ ಇಳಿಯುತ್ತದೆ.

ಹುಳುವಿನ ಹೊರಚರ್ಮ ಬಿಗಿಯಾಗಿ ಹೆಣೆದುಕೊಂಡ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳದ್ದಾದ್ದರಿಂದ ಜಠರರಸ ಅದನ್ನು ಸುಲಭವಾಗಿ ಕತ್ತರಿಸಲಾರದು. ಮನುಷ್ಯರ ಕರುಳಿನ ದುಂಡುಹುಳುವಂತೂ ನಮ್ಮ ಜಠರದಲ್ಲಿ ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಕಿಣ್ವವನ್ನೇ ಕಟ್ಟಿಹಾಕುವ ಪ್ರೋಟೀನನ್ನು ತಯಾರಿಸುತ್ತದೆ.

ಇನ್ನು ಹುಳುವಿನದೇ ಕಿಣ್ವಗಳ ವಿಷಯ. ರಕ್ತದ ಹಿಮೋಗ್ಲೋಬಿನ್ ದೊಡ್ಡ ಪ್ರೋಟೀನ್; ಅದನ್ನು ಇಡಿಯಾಗಿ ಹೀರಿಕೊಳ್ಳಲು ಹುಳುವಿಗೆ ಆಗದು. ಮನುಷ್ಯರನ್ನು ಕಾಡುವ ಕೊಕ್ಕೆಹುಳುವಿನ ಅಧ್ಯಯನದಲ್ಲಿ ಕಂಡಂತೆ, ಒಂದು ಕಿಣ್ವ ಅದನ್ನು ಮೊದಲು ದಪ್ಪ ತುಂಡುಗಳಾಗಿ ಕತ್ತರಿಸುತ್ತದೆ, ಇನ್ನೊಂದು ಆ ತುಂಡುಗಳನ್ನು ಸಣ್ಣದಾಗಿಸುತ್ತದೆ, ಕೊನೆಗೆ ಉಳಿದ ಕಿಣ್ವಗಳು ಅವನ್ನು ಪ್ರೋಟೀನಿನ ಬಿಡಿ ಘಟಕಗಳಾದ ಅಮೈನೋ ಆಮ್ಲಗಳಾಗುವವರೆಗೆ ತುದಿಯಿಂದ ಬಿಡಿಸುತ್ತವೆ. ಚರ್ಮ ತೂರಿ ಒಳಬರುವ ಕೊಕ್ಕೆಹುಳುವಿನ ಮರಿಗಳಿಗೆ ದಾರಿ ಮಾಡಿಕೊಡುವುದೂ ಇಂಥವೇ ಕಿಣ್ವಗಳು.

ಈ ಕಿಣ್ವಗಳೇ ಹುಳುವಿನ ದುರ್ಬಲ ಜಾಗವೂ ಹೌದು. ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಹೀಮಾಂಕಸ್‌ನ ಕರುಳಿನ ಒಳಪದರದಿಂದ ತೆಗೆದ, ಇಂಥ ಕಿಣ್ವಗಳೂ ಸೇರಿದ ಪ್ರೋಟೀನ್‌ಗಳ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಬಳಕೆಗೆ ಬಂತು. ಲಸಿಕೆ ಪಡೆದ ಕುರಿಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು, ಹುಳು ಆ ರಕ್ತವನ್ನು ಕುಡಿದಾಗ ಅದರ ಕರುಳಿನ ಕಿಣ್ವಗಳಿಗೇ ಅಂಟಿಕೊಳ್ಳುತ್ತವೆ. ಹುಳು ಸೊರಗುತ್ತದೆ, ಮೊಟ್ಟೆ ಇಡುವುದು ತಗ್ಗುತ್ತದೆ. ಆದರೆ ಸಹಜ ಸೋಂಕಿನಲ್ಲಿ ಈ ಪ್ರೋಟೀನ್‌ಗಳು ಕುರಿಯ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದ ಕಾರಣ, ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಉಳಿದ ಕುರಿಗಳ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿ ಒಳಭಾಗದ ಬಣ್ಣ ನೋಡಿ. ಕೆಂಪಗಿದ್ದರೆ ರಕ್ತಹೀನತೆ ಇಲ್ಲ. ಬಿಳಿಚಿಕೊಂಡಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಒಂದೇ ಜಂತುನಾಶಕವನ್ನು ಅಂದಾಜಿನ ಪ್ರಮಾಣದಲ್ಲಿ ಪದೇ ಪದೇ ಕುಡಿಸಿದರೆ ಹುಳುಗಳು ಆ ಔಷಧಕ್ಕೆ ಬಗ್ಗದಂತಾಗುತ್ತವೆ. ಆದ್ದರಿಂದ ಕುರಿಯನ್ನು ತೂಕ ಮಾಡಿಸಿ, ವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟೇ ಕುಡಿಸಿ.