ಬರೀ ಪ್ರಶ್ನೆ ಕೇಳುವ ಕೋಚ್

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದೆ. ಅಪ್ಪನಿಗೆ ಮಂಡಿನೋವು ಜಾಸ್ತಿಯಾಯಿತು ಅಂತ ಊರಿಗೆ ಬಂದೆ. ಮೂರು ಎಕರೆ ಅಡಿಕೆ ತೋಟ, ಅದಕ್ಕೂ ಎಲೆಚುಕ್ಕಿ ರೋಗ ಬಂದಿದೆ. ಇಲ್ಲೇ ಇರಲಾ, ವಾಪಸ್ ಹೋಗಲಾ ಅನ್ನೋದು ಎರಡು ವರ್ಷದಿಂದ ಬಗೆಹರಿದಿಲ್ಲ. ಹೋದ ತಿಂಗಳು ಶಿವಮೊಗ್ಗದ ಹೋಟೆಲೊಂದರಲ್ಲಿ ಲೈಫ್ ಕೋಚ್ ಒಬ್ಬರ ಉಚಿತ ಕಾರ್ಯಾಗಾರಕ್ಕೆ ಹೋಗಿದ್ದೆ. ಅದ್ಭುತವಾಗಿ ಮಾತಾಡುತ್ತಾರೆ. ಮೂರು ತಿಂಗಳಿಗೆ 75 ಸಾವಿರ, ಅವತ್ತೇ ಕಟ್ಟಿದರೆ 50 ಅಂದರು. ಯೋಚನೆ ಮಾಡುತ್ತೇನೆ ಅಂತ ಬಂದೆ, ಈಗಲೂ ಫೋನ್ ಬರುತ್ತಿದೆ. ಇನ್ನೊಬ್ಬರು ಮೈಸೂರಿನವರು, ವಿಡಿಯೋ ಕಾಲ್‌ನಲ್ಲಿ ಗಂಟೆಗೆ 2 ಸಾವಿರ. ಆದರೆ ಅವರಲ್ಲಿ ಆ ಹುರುಪಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಯಾರನ್ನು ಆರಿಸಲಿ? ಈಚೆಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ತೋಟಕ್ಕೆ ಇಳಿಯಲೂ ಮನಸ್ಸಿಲ್ಲ. ಬೇಗ ಉತ್ತರಿಸಿ.
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸದ್ಯ, ದುಡ್ಡು ಕಟ್ಟದೆ ಬಂದಿರಲ್ಲ!

ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೂರಕ್ಕೆ ಎಚ್ಚರ, ಯಾವುದರಲ್ಲೂ ಮನಸ್ಸಿಲ್ಲ ಅನ್ನೋದು ಎರಡು ವಾರ ದಾಟಿದ್ದರೆ ಅದು ಕೋಚ್ ನೋಡುವ ವಿಷಯ ಅಲ್ಲ ಮಾರಾಯರೇ, ಡಾಕ್ಟರು ನೋಡಬೇಕಾದದ್ದು. ಖಿನ್ನತೆ ಇರಬಹುದು, ಇಲ್ಲದೆಯೂ ಇರಬಹುದು, ಅದನ್ನು ನಾನಾಗಲಿ ಹೋಟೆಲಿನಲ್ಲಿ ಮಾತಾಡಿದ ಆ ಕೋಚ್ ಆಗಲಿ ಹೇಳಲಿಕ್ಕೆ ಬರುವುದಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ಮಂಗಳವಾರ ಮಾನಸಿಕ ತಜ್ಞರು ಬರುತ್ತಾರೆ, ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿ. ಅಷ್ಟು ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಳಗಿನ ಜಾವ ಮೂರಕ್ಕೂ ಎತ್ತುತ್ತಾರೆ.

ಈಗ ಕೋಚ್ ವಿಷಯ. ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಲು ಯಾವ ಲೈಸೆನ್ಸೂ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ತೊಂದರೆಗೆ ಮಾತಿನಲ್ಲೇ ಚಿಕಿತ್ಸೆ ಕೊಡುವವರು, ಆಗಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು, ಕೋಚ್‌ಗೆ ಅಂಥದ್ದೇನಿಲ್ಲ, ನಾಳೆ ಬೆಳಿಗ್ಗೆ ನಾನೂ ಆಗಬಹುದು. ಹಾಗಂತ ಎಲ್ಲರೂ ಮೋಸಗಾರರು ಅಂತಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಅಂತ 1995ರಲ್ಲಿ ಹುಟ್ಟಿದ ಸಂಸ್ಥೆಯಿದೆ. ಅದರ ಮೊದಲ ಹಂತದ ಸರ್ಟಿಫಿಕೇಟಿಗೇ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು; ಎರಡನೆಯ ಹಂತಕ್ಕೆ 125 ಮತ್ತು 500 ಗಂಟೆ. ಕೋಚ್ ಹೆಸರು ಹಾಕಿ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಹುಡುಕಬಹುದು. ಗೋಡೆಗೆ ತೂಗುಹಾಕಿದ ಫೋಟೋ ನೋಡಿ ನಂಬಬೇಡಿ.

"ಬರೀ ಪ್ರಶ್ನೆ ಕೇಳುತ್ತಾರೆ" ಅಂತ ಮೈಸೂರಿನವರ ಮೇಲೆ ದೂರು ಹೇಳಿದ್ದೀರಿ. ಅಯ್ಯೋ, ಕೋಚ್ ಕೆಲಸವೇ ಅದು! ಇರಬೇಕೋ ಹೋಗಬೇಕೋ ಅಂತ ನಿಮ್ಮ ಬಾಯಿಂದಲೇ ಹೊರಡಿಸಬೇಕು, ಅಪ್ಪನ ಮಂಡಿ, ಅಡಿಕೆ ತೋಟ, ಆಫೀಸಿನ ದಿನಗಳ ನೆನಪು ಎಲ್ಲವನ್ನೂ ಬಿಡಿಬಿಡಿಯಾಗಿ ಎದುರಿಗೆ ಹರವಿ ನಿಮಗೇ ತೋರಿಸಬೇಕು. ಎಲೆಚುಕ್ಕಿಗೆ ಏನು ಹೊಡೆಯಬೇಕು ಅಂತ ಅವರು ಹೇಳುವುದಿಲ್ಲ, ಅದಕ್ಕೆ ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ. ಮೊದಲ ಭೇಟಿಯಲ್ಲೇ "ನೀವು ಹೀಗೆ ಮಾಡಿ" ಅಂತ ತೀರ್ಪು ಕೊಡುವವರ ಮೇಲೆ ನನಗಂತೂ ಅನುಮಾನ.

ಆ ಹುರುಪಿನ ರುಚಿ ನನಗೂ ಗೊತ್ತು. ಕೆಲವು ವರ್ಷದ ಹಿಂದೆ ಘಟ್ಟದ ಕೆಳಗೆ ಇಂಥದ್ದೇ ಒಂದು ಸಭೆಗೆ ಹೋಗಿ 8 ಸಾವಿರ ಕಟ್ಟಿದವಳು ನಾನು. ಜೋರು ಹಾಡು, ಕಣ್ಣುಮುಚ್ಚಿ ಕೂಗೋದು, ಪಕ್ಕದವರನ್ನು ತಬ್ಬಿಕೊಳ್ಳೋದು. ಹೊರಗೆ ಬಂದಾಗ ಎದೆ ಉಬ್ಬಿತ್ತು, ಆಗುಂಬೆ ಘಾಟಿ ಹತ್ತುವಷ್ಟರಲ್ಲಿ ಇಳಿದಿತ್ತು. ಕೈಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಫೈಲು. ಅವತ್ತೇ ಕಟ್ಟಿದರೆ ಕಡಿಮೆ ಅನ್ನೋದು ನಿಮಗೆ ಯೋಚಿಸಲು ಟೈಮ್ ಸಿಗಬಾರದು ಅಂತ. ತೋಟಕ್ಕೆ ಇಳಿದು ಅಡಿಕೆ ಗೊನೆ ಎಣಿಸದೆ, ಫಸಲನ್ನು ಗುತ್ತಿಗೆ ಹಿಡಿಯುವ ಯಾವ ಚೇಣಿದಾರನಾದರೂ ದುಡ್ಡು ಕೊಡುತ್ತಾನಾ? ನೀವೂ ಹಾಗೇ ನೋಡಿ.

ಮೈಸೂರಿನವರ ಹತ್ತಿರ ಫೀಸಿಲ್ಲದೆ ಅರ್ಧ ಗಂಟೆ ಮಾತಾಡಲು ಆಗುತ್ತಾ ಕೇಳಿ, ಎಷ್ಟೋ ಕೋಚ್‌ಗಳು ಒಪ್ಪುತ್ತಾರೆ. ಎಲ್ಲಿ ಕಲಿತಿರಿ, ನಾನು ಹೇಳಿದ್ದು ಯಾರಿಗಾದರೂ ಹೋಗುತ್ತದಾ, ನಡುವೆ ಬಿಟ್ಟರೆ ದುಡ್ಡಿನ ಕಥೆ ಏನು ಅಂತ ನೇರವಾಗಿ ಕೇಳಿ, ಉತ್ತರ ಬರಹದಲ್ಲಿ ಇರಲಿ. ಇಂಥ ವಿಷಯ ನನ್ನ ಕೈಲಿ ಆಗಲ್ಲ, ಡಾಕ್ಟರ ಹತ್ತಿರ ಹೋಗಿ ಅಂತ ಯಾವಾಗ ಹೇಳುತ್ತೀರಿ ಅನ್ನೋದನ್ನೂ ಕೇಳಿ, ನಿಮ್ಮ ನಿದ್ದೆಯ ವಿಷಯ ಹೇಳಿಯೇ ಕೇಳಿ. ಆ ಪ್ರಶ್ನೆಗೆ ತಡವರಿಸಿದರೆ ಅವರೂ ಬೇಡ. ಇನ್ನು, ನಮ್ಮ ಮನೆ ಮಾತು, ಅಪ್ಪ-ಮಗನ ಜಗಳ, ಇದೆಲ್ಲ ಇಂಗ್ಲಿಷಿನಲ್ಲಿ ಹೇಳಹೊರಟರೆ ಅರ್ಧ ಅಲ್ಲೇ ಉಳಿಯುತ್ತದೆ, ಕನ್ನಡದಲ್ಲೇ ಮಾತಾಡಿ.

ಹೋಟೆಲಿನವರ ನಂಬರ್ ಬ್ಲಾಕ್ ಮಾಡಿ. ಮೊದಲು ಡಾಕ್ಟರು, ನಿದ್ದೆ ಸರಿಯಾಗಲಿ, ಆಮೇಲೆ ಮೈಸೂರಿನವರ ಜೊತೆ ಮೂರು ಸಲ ಮಾತಾಡಿ ನೋಡಿ. ಏನೂ ಆಗಲಿಲ್ಲವಾ, ಬಿಟ್ಟುಬಿಡಿ. 6 ಸಾವಿರ ಹೋಯಿತು, ಅಷ್ಟೇ.