ಬ್ಯಾಗಿನಲ್ಲೊಂದು ಟಾರ್ಚ್ ಇದ್ದರೆ ಸಾಕಾ?

ರಾತ್ರಿ ಪಾಳಿಯ ಕೆಲಸದವರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆಯುವಾಗ "ಕೈಯಲ್ಲಿ ಒಂದು ಒಳ್ಳೆ ಟಾರ್ಚ್ ಇರಲಿ" ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿನ ಬಗ್ಗೆಯೇ ಈ ಸಲ ಜಾಸ್ತಿ ಪತ್ರ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇಡೀ ಅಂಕಣವನ್ನು ಟಾರ್ಚಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ನರ್ಸ್. ಎರಡನೇ ಪಾಳಿ ಮುಗಿಸಿ ಬಸ್ ಇಳಿದ ಮೇಲೆ ಮನೆಗೆ ಹತ್ತು ನಿಮಿಷದ ನಡಿಗೆ. ದಾರಿಯಲ್ಲಿ ಖಾಲಿ ಸೈಟುಗಳಿವೆ, ಎರಡು ಬೀದಿ ದೀಪ ಕೆಟ್ಟಿವೆ. ಕಣ್ಣಿಗೆ ಬಿಟ್ಟರೆ ಎದುರಿಗಿರುವವನಿಗೆ ಏನೂ ಕಾಣಲ್ಲ ಅಂತ ಹೇಳಿ ನನ್ನ ತಮ್ಮ ಒಂದು ಟಾರ್ಚ್ ತಂದುಕೊಟ್ಟಿದ್ದಾನೆ. ಇದನ್ನ ನಂಬಬಹುದಾ ಮೇಡಂ?
— ಓದುಗರು, ತುಮಕೂರು

ಉತ್ತರ: ನಂಬಬಹುದು, ಆದರೆ ಎರಡು ಮೂರು ಸೆಕೆಂಡಿನ ಮಟ್ಟಿಗೆ. ಆ ಎರಡು ಮೂರು ಸೆಕೆಂಡು ಏನು ಅನ್ನೋದು ಗೊತ್ತಿದ್ದರೆ ಮಾತ್ರ ಟಾರ್ಚಿನಿಂದ ಉಪಯೋಗ.

ಕತ್ತಲಲ್ಲಿ ಇದ್ದವರ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಒಳಗಿನ ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಅನ್ನೋ ವಸ್ತು ತುಂಬಿಕೊಂಡಿರುತ್ತದೆ, ಮಬ್ಬುಗತ್ತಲಲ್ಲಿ ಕಾಣುವುದು ಅದರಿಂದ. ಜೋರು ಬೆಳಕು ನೇರವಾಗಿ ಬಿದ್ದಾಗ ಅದು ಥಟ್ಟನೆ ಕರಗುತ್ತದೆ, ಮತ್ತೆ ಪೂರ್ತಿ ತುಂಬಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಹಾಗಂತ ಅವನು ಅರ್ಧ ಗಂಟೆ ಕುರುಡನಾಗಿ ನಿಂತಿರುತ್ತಾನೆ ಅಂದುಕೊಳ್ಳಬೇಡಿ. ಮೊದಲಿನ ಕೆಲವು ಸೆಕೆಂಡು ಅವನು ಮುಖ ತಿರುಗಿಸುತ್ತಾನೆ, ಕೈ ಅಡ್ಡ ಹಿಡಿಯುತ್ತಾನೆ, ಕಣ್ಣ ಮುಂದೆ ಒಂದು ಕಲೆ ತೇಲುತ್ತಿರುತ್ತದೆ, ನೀವು ಎಲ್ಲಿದ್ದೀರಿ ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಅಷ್ಟರೊಳಗೆ ನೀವು ಆ ಜಾಗ ಬಿಟ್ಟಿರಬೇಕು. ಬೆಳಕು ಬಿಟ್ಟು ಅಲ್ಲೇ ನಿಂತು ಬೈಯುವುದು, "ಯಾರೋ ನೀನು" ಎಂದು ವಿಚಾರಿಸುವುದು ಮಾಡಿದರೆ ಸಿಕ್ಕಿದ ಸಮಯ ಅಲ್ಲೇ ಮುಗಿಯಿತು. ಕುಡಿದವನಾದರೆ ಇನ್ನೂ ರೇಗಬಹುದು. ಕಣ್ಣು ಕಾಣದಿದ್ದರೂ ಕೈ ಚಾಚಿ ಹಿಡಿಯೋಕೆ ಬರುತ್ತದೆ, ಅದಕ್ಕೇ ನಾಲ್ಕೈದು ಮಾರು ದೂರ ಇರುವಾಗಲೇ ಬೆಳಕು ಬಿಡಬೇಕು. ಮೈಮೇಲೆ ಬಂದ ಮೇಲೆ ಅಲ್ಲ.

ಈಗ ನಿಮ್ಮ ಬ್ಯಾಗು ತೆಗೆದು ನೋಡಿ. ಟಾರ್ಚ್ ಎಲ್ಲಿದೆ? ಊಟದ ಡಬ್ಬಿ, ಛತ್ರಿ, ನೀರಿನ ಬಾಟಲಿ ಎಲ್ಲದರ ಕೆಳಗೆ, ಅದರ ಮೇಲೆ ಜಿಪ್ ಬೇರೆ ಅಲ್ವಾ? ಹಾಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬಸ್ಸಿನಿಂದ ಇಳಿಯುವ ಮೊದಲೇ ಕೈಗೆ ಬರಲಿ. ಮುಷ್ಟಿಯಲ್ಲಿ ಹಿಡಿದಾಗ ಬೆಳಕಿನ ಬಾಯಿ ಕಿರುಬೆರಳಿನ ಕಡೆ, ಹಿಂದಿನ ಸ್ವಿಚ್ಚು ಹೆಬ್ಬೆರಳಿನ ಕೆಳಗೆ ಬರಬೇಕು. ಹಾಗೇ ಕೈಯನ್ನು ಕೆನ್ನೆಯ ಪಕ್ಕಕ್ಕೆ ಎತ್ತಿದರೆ ನೀವು ನೋಡುವ ಕಡೆಗೇ ಬೆಳಕು ಹೋಗುತ್ತದೆ, ಇನ್ನೊಂದು ಕೈ ಖಾಲಿ ಇರುತ್ತದೆ. ಮನೆಯಲ್ಲಿ ದೀಪ ಆರಿಸಿ, ಗೋಡೆಯ ಮೇಲೆ ಬಿಟ್ಟು ಅಭ್ಯಾಸ ಮಾಡಿ. ತಮ್ಮನ ಕಣ್ಣಿಗೆ ಬಿಟ್ಟು ಬೇಡ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಟಾರ್ಚಿನ ವಿಷಯದಲ್ಲಿ ಜನ ಮಾಡೋದು ಅದನ್ನೇ.

ನನ್ನ ಪ್ರಕಾರ ಟಾರ್ಚಿನ ದೊಡ್ಡ ಉಪಯೋಗ ಕಣ್ಣಿಗೆ ಬಿಡುವುದೇ ಅಲ್ಲ. ಆ ಖಾಲಿ ಸೈಟಿನ ಕಡೆ, ನಿಂತಿರುವ ಟೆಂಪೋದ ಹಿಂದೆ, ಗೇಟಿನ ಸಂದಿಗೆ ದೂರದಿಂದಲೇ ಬೆಳಕು ಹಾಯಿಸಿಕೊಂಡು ಬಂದರೆ ಯಾರಿದ್ದಾರೆ ಎಂದು ನಿಮಗೆ ಮೊದಲು ಗೊತ್ತಾಗುತ್ತದೆ. ಅಡಗಿದ್ದವನಿಗೂ ತನ್ನನ್ನು ನೋಡಿಯಾಯಿತು ಎಂದು ತಿಳಿಯುತ್ತದೆ. ಆಗ ವಾಪಸ್ ತಿರುಗಿ ಬಸ್ ಸ್ಟಾಂಡಿನ ಅಂಗಡಿ ಹತ್ತಿರ ನಿಂತು ಮನೆಯವರಿಗೆ ಅಥವಾ 112ಕ್ಕೆ ಫೋನ್ ಮಾಡೋಕೆ ಅವಕಾಶ ಇರುತ್ತದೆ.

ಇನ್ನೊಂದು ಮಾತು. ಆ ಎರಡು ಕೆಟ್ಟ ದೀಪದ ಕಂಬಗಳ ನಂಬರ್ ಬರೆದುಕೊಂಡು ಮಹಾನಗರ ಪಾಲಿಕೆಗೆ ದೂರು ಕೊಡಿ, ಅಕ್ಕಪಕ್ಕದ ನಾಲ್ಕು ಮನೆಯವರಿಂದಲೂ ಕೊಡಿಸಿ. ನೀವು ದುಡಿದು ಮನೆಗೆ ನಡೆದು ಬರುವ ದಾರಿಗೆ ಬೆಳಕು ಕೊಡುವುದು ಅವರ ಕೆಲಸ, ನಿಮ್ಮ ತಮ್ಮನ ಜೇಬಿನದ್ದಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ 1 ಲಕ್ಷ ಲೂಮೆನ್ ಟಾರ್ಚ್ 700 ರೂಪಾಯಿಗೆ ಸಿಗ್ತಿದೆ, ಅಂಗಡಿಯಲ್ಲಿ 1000 ಲೂಮೆನ್‌ನದ್ದಕ್ಕೆ ಎರಡೂವರೆ ಸಾವಿರ ಹೇಳ್ತಾರೆ. ಯಾವುದು ತಗೊಳ್ಳಲಿ?
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: 1 ಲಕ್ಷ ಲೂಮೆನ್ ಸುಳ್ಳು. ಅಂಗೈಯಲ್ಲಿ ಹಿಡಿಯುವ, ಒಂದೇ ಸೆಲ್ಲಿನ ಟಾರ್ಚಿನಿಂದ ಅಷ್ಟು ಬೆಳಕು ಬರೋಕೆ ಸಾಧ್ಯವೇ ಇಲ್ಲ, ಬಂದರೆ ಅದರ ಶಾಖಕ್ಕೆ ಕೈಯಲ್ಲಿ ಹಿಡಿಯೋಕೂ ಆಗಲ್ಲ. ಸೆಲ್ಲಿನ ಮೇಲೂ ಇದೇ ಕಥೆ. 18650 ಎಂಬ ಸೆಲ್ ಇರುತ್ತದಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು, ಅದರ ಮೇಲೆ 9900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಎಂದು ಬರೆದಿದ್ದರೆ ಮುಟ್ಟಲೇಬೇಡಿ. ಒಳ್ಳೆ ಕಂಪನಿಯ ಸೆಲ್ಲಿನಲ್ಲೇ ಇರುವುದು ಸುಮಾರು 3500. ಸುಳ್ಳು ಬರೆದವನು ಸುರಕ್ಷತೆಯಲ್ಲೂ ಸುಳ್ಳು ಹೇಳಿರುತ್ತಾನೆ, ಲಿಥಿಯಂ ಸೆಲ್ಲು ಬೆಂಕಿ ಹಿಡಿಯುವ ಸಾಮಾನು.

ಲೂಮೆನ್ ಒಂದನ್ನೇ ನೋಡಬೇಡಿ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಅಷ್ಟೇ ಇದ್ದರೂ ದೂರ ಚಿಮ್ಮುತ್ತದಲ್ಲ, ಹಾಗೆ. ಒಟ್ಟು ಎಷ್ಟು ಬೆಳಕು ಅನ್ನೋದು ಲೂಮೆನ್, ಅದು ಒಂದು ದಿಕ್ಕಿಗೆ ಎಷ್ಟು ಒತ್ತಾಗಿ ಹೋಗುತ್ತದೆ ಅನ್ನೋದು ಕ್ಯಾಂಡೆಲಾ. ಎದುರಿಗಿರುವವನ ಕಣ್ಣು ಕೋರೈಸುವುದು ಎರಡನೆಯದು. ನಾನು ನೋಡುವುದು 500ರಿಂದ 1000 ಲೂಮೆನ್, 10,000 ಕ್ಯಾಂಡೆಲಾದ ಆಸುಪಾಸು. 10,000 ಕ್ಯಾಂಡೆಲಾದ ಟಾರ್ಚ್ ಐದು ಮೀಟರ್ ದೂರದ ಮುಖದ ಮೇಲೆ 400 ಲಕ್ಸ್ ಬೆಳಕು ಹಾಕುತ್ತದೆ, ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಸಾಧಾರಣ ಬೀದಿ ದೀಪದ ಕೆಳಗೆ 10–20 ಲಕ್ಸ್ ಇರುತ್ತದೆ, ಕತ್ತಲಲ್ಲಿ ಅದೂ ಇಲ್ಲ. ಹಾಗಾಗಿ ಪೆಟ್ಟು ಜೋರು. ಆದರೆ ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್ ತನಕ ಹೋಗುತ್ತದೆ, ಹಗಲಲ್ಲಿ ಈ ಟಾರ್ಚಿನಿಂದ ಏನೂ ಆಗಲ್ಲ.

ಡಬ್ಬಿಯ ಮೇಲೆ "200 ಮೀಟರ್" ಎಂದಿದ್ದರೆ 200 ಮೀಟರ್ ದೂರದಲ್ಲಿ ಆಳು ಗುರುತು ಸಿಗುತ್ತದೆ ಎಂದಲ್ಲ. ಅಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು, ಅಂದರೆ 0.25 ಲಕ್ಸ್ ಬೆಳಕು ಉಳಿದಿರುತ್ತದೆ ಎಂದು ಅರ್ಥ, ಅಳೆಯುವ ಪದ್ಧತಿಯೇ ಹಾಗಿದೆ. ಚಿಕ್ಕ ಟಾರ್ಚುಗಳು ಒಂದೆರಡು ನಿಮಿಷದಲ್ಲಿ ಬಿಸಿಯಾಗಿ ತಾವೇ ಬೆಳಕು ಇಳಿಸಿಕೊಳ್ಳುತ್ತವೆ, ಅದು ಕೆಟ್ಟಿದ್ದಲ್ಲ.

ಎಲ್ಲಕ್ಕಿಂತ ಮುಖ್ಯ ಸ್ವಿಚ್ಚು. ಒತ್ತಿದ ಕೂಡಲೇ ಪೂರ್ತಿ ಬೆಳಕು ಬರಬೇಕು. ಒಮ್ಮೆ ಒತ್ತಿದರೆ ಮಂದ, ಎರಡು ಸಲ ಒತ್ತಿದರೆ ಜೋರು, ಮೂರನೇ ಸಲಕ್ಕೆ ಮಿಣುಕು ಎನ್ನುವಂಥದ್ದು ಹೆದರಿದ ಕೈಗೆ ಆಗಿಬರಲ್ಲ. ಅಂಗಡಿಯಲ್ಲೇ ಹತ್ತು ಸಲ ಒತ್ತಿ ನೋಡಿ, ಅಂಗಡಿಯವರು ಗೊಣಗಿದರೆ ಗೊಣಗಲಿ.

ಪ್ರಶ್ನೆ: ಮೊಬೈಲ್ ಟಾರ್ಚ್ ಸಾಲದಾ?
— ಗೃಹಿಣಿ, ಶಿರಸಿ

ಉತ್ತರ: ಕಾಲ ಕೆಳಗೆ ನೋಡಿಕೊಂಡು ನಡೆಯೋಕೆ ಸಾಕು. ಯಾರನ್ನಾದರೂ ತಡೆಯೋಕೆ ಸಾಲದು. ಬೆಳಕು ಕಡಿಮೆ, ಅದೂ ಅಗಲಕ್ಕೆ ಚದುರಿಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಕಷ್ಟದಲ್ಲಿ ನಿಮಗೆ ಫೋನ್ ಬೇಕಿರುವುದು ಕರೆ ಮಾಡೋಕೆ. ಪವರ್ ಬಟನ್ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಈಗಿನ ಹೆಚ್ಚಿನ ಫೋನುಗಳಲ್ಲಿದೆ. ಎಷ್ಟು ಸಲ ಒತ್ತಬೇಕು ಎಂದು ಸೆಟ್ಟಿಂಗ್ಸಿನಲ್ಲಿ ಇವತ್ತೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಮೋಟಾರಿಗೆ ತ್ರೀಫೇಸ್ ಕರೆಂಟ್ ಕೊಡೋದೇ ರಾತ್ರಿ. ಬ್ಯಾಟರಿ ಹಿಡಿದುಕೊಂಡು ಒಬ್ಬನೇ ಗದ್ದೆಗೆ ಹೋಗ್ತೀನಿ. ಆನೆ ಕಾಟ ಇದೆ, ಚಿರತೆನೂ ಕಂಡಿದೆ ಅಂತಾರೆ. ಜೋರು ಬೆಳಕು ಬಿಟ್ಟರೆ ಓಡಿಹೋಗ್ತಾವಾ?
— ರೈತರು, ಆಲೂರು ತಾಲ್ಲೂಕು

ಉತ್ತರ: ಅಣ್ಣಾ, ಆನೆಯ ಕಣ್ಣಿಗೆ ಮಾತ್ರ ಬೆಳಕು ಬಿಡಬೇಡಿ. ಮನುಷ್ಯನಿಗೆ ಹೇಳಿದ ಲೆಕ್ಕ ಅದಕ್ಕೆ ನಡೆಯಲ್ಲ. ಹತ್ತಿರದಲ್ಲಿರುವ ಆನೆ, ಅದರಲ್ಲೂ ಮರಿ ಜೊತೆಗಿದ್ದರೆ ಅಥವಾ ಒಂಟಿ ಸಲಗವಾದರೆ, ಬೆಳಕು ಬಂದ ಕಡೆಗೇ ನುಗ್ಗಬಹುದು. ಕತ್ತಲಲ್ಲಿ ನೀವು ಎಲ್ಲಿದ್ದೀರಿ ಎಂದು ನೀವೇ ತೋರಿಸಿಕೊಟ್ಟ ಹಾಗಾಗುತ್ತದೆ. ಆನೆ ಇದೆ ಎಂದು ಗೊತ್ತಾದರೆ ಆ ರಾತ್ರಿ ನೀರು ಹಾಯಿಸುವುದು ಬೇಡ, ಒಂದು ದಿನದ ಬೆಳೆಗಿಂತ ಮನೆಯವರಿಗೆ ನೀವು ಬೇಕು. ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ಎಲ್ಲಿ ಓಡಾಡುತ್ತಿದೆ ಎಂದು ಮೊಬೈಲಿಗೆ ತಿಳಿಸುವ ವ್ಯವಸ್ಥೆ ಇದೆ, ನಿಮ್ಮ ನಂಬರ್ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಕೇಳಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಚಿರತೆ ಹಾಗಲ್ಲ, ಮನುಷ್ಯರ ಸುಳಿವು ಸಿಕ್ಕರೆ ಸಾಮಾನ್ಯವಾಗಿ ತಾನೇ ದೂರ ಹೋಗುತ್ತದೆ. ಬೆಳಕು ಆಡಿಸುತ್ತಾ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಅಥವಾ ಜೋರಾಗಿ ಮಾತಾಡುತ್ತಾ ಹೋಗಿ. ಎದುರು ಕಂಡರೆ ಓಡಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ, ಅದರ ಕಡೆ ಮುಖ ಮಾಡಿಕೊಂಡೇ ನಿಧಾನ ಹಿಂದೆ ಸರಿಯಿರಿ.

ಆದರೆ ಗದ್ದೆ ಬದುವಿನ ಮೇಲೆ ದಿನಾ ಎದುರಾಗುವ ಅಪಾಯ ಇವೆರಡೂ ಅಲ್ಲ, ಹಾವು. ಕೊಳಕುಮಂಡಲ ದಾರಿಯಲ್ಲೇ ಸುತ್ತಿಕೊಂಡು ಬಿದ್ದಿರುತ್ತದೆ, ಒಣಗಿದ ಎಲೆಯ ಬಣ್ಣಕ್ಕೂ ಅದರ ಮೈಗೂ ವ್ಯತ್ಯಾಸ ಗೊತ್ತಾಗಲ್ಲ. ಬೆಳಕು ಬಿದ್ದರೂ ಅದು ಜಾಗ ಬಿಡಬೇಕೆಂದೇನೂ ಇಲ್ಲ, ನಿಮಗೆ ಕಾಣಬೇಕು ಅಷ್ಟೇ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದು ಎರಡು ಮೂರು ಹೆಜ್ಜೆ ಮುಂದಕ್ಕೆ ಬೆಳಕು ಬೀಳಿಸಿ, ಬೆಳಕು ಓರೆಯಾಗಿ ಬಿದ್ದಾಗ ಉಬ್ಬಿದ ಮೈಯ ನೆರಳು ಕಾಣುತ್ತದೆ. ಗಂಬೂಟು ಹಾಕಿಕೊಳ್ಳಿ, ಹೆಜ್ಜೆ ಸದ್ದಾಗುವಂತೆ ಇಡಿ. ಸ್ಟಾರ್ಟರ್ ಪೆಟ್ಟಿಗೆ ಮುಚ್ಚಳ ತೆಗೆಯುವ ಮೊದಲು ಸುತ್ತ, ಮೇಲೆ, ಒಳಗೆ ಬೆಳಕು ಹಾಯಿಸಿ ನೋಡಿ, ಆಮೇಲೆ ಕೈ ಹಾಕಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಬೇಡ, ನಾಟಿ ಔಷಧಿ ಎಂದು ಹೊತ್ತು ಕಳೆಯದೆ ಸೀದಾ ದೊಡ್ಡ ಸರ್ಕಾರಿ ಆಸ್ಪತ್ರೆಗೆ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯ 2024ರಲ್ಲಿ ಆದೇಶ ಮಾಡಿದೆ. ಆಳುವವರು ಅದರ ಜೊತೆಗೆ ಹಗಲು ಹೊತ್ತು ಕರೆಂಟ್ ಕೊಟ್ಟರೆ ಅರ್ಧ ಕಡಿತ ತಪ್ಪುತ್ತದೆ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ತುದಿಯಲ್ಲಿ ಚೂಪು ಹಲ್ಲುಗಳಿರುವ ಟಾರ್ಚ್ ಮಗಳಿಗೆ ಕೊಡಿಸೋಣ ಅಂತಿದ್ದೇನೆ. ಅದರಿಂದ ಹೊಡೆದರೆ ಕೇಸ್ ಆಗುತ್ತಾ? ಪೆಪ್ಪರ್ ಸ್ಪ್ರೇನೇ ವಾಸಿನಾ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ ಸರ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಸೆಕ್ಷನ್ ತನಕ ಅದೇ ವಿಷಯ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಹಿಡಿದವನ ಕೈ ಬಿಡಿಸಿಕೊಳ್ಳೋಕೆ ಹೊಡೆಯುವುದು ಬೇರೆ, ಅವನು ಓಡಿಹೋಗುವಾಗ ಅಟ್ಟಿಸಿಕೊಂಡು ಹೋಗಿ ತಲೆಗೆ ಹೊಡೆಯುವುದು ಬೇರೆ. ಪೆಪ್ಪರ್ ಸ್ಪ್ರೇ ಒಳ್ಳೆಯದೇ, ಬೆಳಕಿಗಿಂತ ಪರಿಣಾಮ ಜಾಸ್ತಿ. ಗಾಳಿ ತಿರುಗಿದರೆ ನಿಮ್ಮ ಮಗಳ ಕಣ್ಣಿಗೇ ಬರುತ್ತದೆ ಅನ್ನೋದೊಂದು ತೊಂದರೆ. ಜಗಳದಲ್ಲಿ ಅದನ್ನು ಬಳಸಿದ್ದ ಒಂದು ಪ್ರಕರಣವನ್ನು ರದ್ದು ಮಾಡಲು 2024ರಲ್ಲಿ ನಮ್ಮ ಹೈಕೋರ್ಟ್ ಒಪ್ಪಲಿಲ್ಲ, ಅದನ್ನು ಅಪಾಯಕಾರಿ ಆಯುಧ ಎಂದೂ ಹೇಳಿತು. ಜೀವಕ್ಕೆ ಕುತ್ತು ಬಂದಾಗ ಬಳಸುವುದಕ್ಕೂ ಸಿಟ್ಟಿಗೆ ಬಳಸುವುದಕ್ಕೂ ಇರುವ ಅಂತರವನ್ನು ಮಗಳಿಗೆ ತಿಳಿಸಿ ಹೇಳಿ.

ಹಲ್ಲಿನ ಟಾರ್ಚ್ ನನಗೆ ಇಷ್ಟವಿಲ್ಲ. ಹೊಡೆಯುವಷ್ಟು ಹತ್ತಿರ ಹೋಗಬೇಕು ಎಂಬ ಯೋಚನೆಯನ್ನೇ ಅದು ತಲೆಗೆ ತುಂಬುತ್ತದೆ. ಬ್ಯಾಗಿನ ಬಟ್ಟೆ ಹರಿಯುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಡಿಸಲೂಬಹುದು. ಸಾದಾ ಟಾರ್ಚ್ ಕೊಡಿಸಿ. ಉಳಿದ ದುಡ್ಡಿಗೆ ಜೋರು ಶಬ್ದದ ಒಂದು ಸೀಟಿ ತಂದು ಬೀಗದ ಕೈ ಗೊಂಚಲಿಗೆ ಹಾಕಿಕೊಡಿ.

ಪ್ರಶ್ನೆ: ಎಂಟು ವರ್ಷದ ಮಗ ಆಟಕ್ಕೆ ತಂಗಿಯ ಕಣ್ಣಿಗೆ ಇಂಥ ಟಾರ್ಚ್ ಬಿಟ್ಟಿದ್ದಾನೆ. ಏನಾದರೂ ಆಗುತ್ತಾ?
— ತಾಯಿ, ಮಂಡ್ಯ

ಉತ್ತರ: ಒಂದು ಕ್ಷಣ ಬಿಟ್ಟಿದ್ದರೆ ಸಾಮಾನ್ಯವಾಗಿ ಏನೂ ಆಗಲ್ಲ, ಕಣ್ಣು ತಾನೇ ಮುಚ್ಚಿಕೊಂಡಿರುತ್ತದೆ, ಕಲೆ ತೇಲಿದಂತೆ ಕಾಣುವುದು ಕೆಲವು ನಿಮಿಷಕ್ಕೆ ಹೋಗುತ್ತದೆ. ತೀರಾ ಹತ್ತಿರದಿಂದ ತುಂಬ ಹೊತ್ತು ಬಿಟ್ಟಿದ್ದರೆ, ಅಥವಾ ಮಾರನೇ ದಿನವೂ ಮಬ್ಬು, ನೋವು, ಕಲೆ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅದು ಟಾರ್ಚಲ್ಲ, ಲೇಸರ್ ಆಗಿದ್ದರೆ ಕಾಯಬೇಡಿ, ಅವತ್ತೇ ಹೋಗಿ. ಮಿಣುಕು ಬೆಳಕು ಕೆಲವರಿಗೆ ಫಿಟ್ಸ್ ತರಿಸುತ್ತದೆ, ಮನೆಯಲ್ಲಿ ಆ ತೊಂದರೆ ಇರುವವರಿದ್ದರೆ ಮಿಣುಕು ಬಟನ್ ಇಲ್ಲದ ಟಾರ್ಚನ್ನೇ ತನ್ನಿ.